ಡೋಲಿಯ ನಾಲ್ಕನೇ ಕೈ

ಮೂವತ್ತೊಂದು ವರ್ಷ ಡೋಲಿ ಹೊತ್ತಿದ್ದೇನೆ. ಒಮ್ಮೆಯೂ ಡೋಲಿ ನನ್ನ ಕೈಯಿಂದ ಹೋಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನನ್ನ ಜೊತೆ ಹೊತ್ತ ಮೂವರೂ ತೀರಿಕೊಂಡಿದ್ದಾರೆ, ನನ್ನ ಹೆಂಡತಿ ಸಂಗವ್ವನಂತೂ ಗಂಡನನ್ನು ಹೊಗಳುವ ಪೈಕಿ ಅಲ್ಲ.

ನಮ್ಮ ಊರಿನಲ್ಲಿ ಕೈಯಲ್ಲಿ ಹಿಡಿದದ್ದು ಮನಸ್ಸು ಹೋದಲ್ಲಿಗೆ ಹೋಗುತ್ತದೆ. ಸಾರು ಕಲಕುತ್ತ ತವರುಮನೆ ನೆನೆದರೆ ಸೌಟು ತವರುಮನೆಯಲ್ಲಿ ಬೀಳುತ್ತದೆ. ಅದಕ್ಕೇ ಪ್ರತಿ ಮನೆಯ ಬಾಗಿಲಲ್ಲಿ ಒಂದು ಬುಟ್ಟಿ ಇರುತ್ತದೆ. ಎಲ್ಲಿಂದಲೋ ಬಂದು ಬಿದ್ದ ಚಮಚ, ಪೆನ್ನು, ಬಾಚಣಿಗೆಗಳನ್ನೆಲ್ಲ ಅದರಲ್ಲಿ ಹಾಕಿಟ್ಟು ಸೋಮವಾರ ಚಾವಡಿಗೆ ತಂದು ಸುರಿಯುತ್ತೇವೆ. ಅವರವರದು ಅವರವರು ಆರಿಸಿಕೊಂಡು ಹೋಗುತ್ತಾರೆ. ಯಾಕೆ ಬಂತು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ದರ್ಜಿಯ ಕತ್ತರಿ ವಾರಕ್ಕೆರಡು ಸಲ ಪೋಸ್ಟ್ ಮಾಸ್ತರರ ತಂಗಿಯ ಮನೆ ಬುಟ್ಟಿಯಲ್ಲಿ ಸಿಕ್ಕರೂ ನಾವು ಆಕಾಶ ನೋಡಿಕೊಂಡು ನಿಲ್ಲುತ್ತೇವೆ. ಮರ್ಯಾದೆ ಎಂದರೆ ನಮ್ಮಲ್ಲಿ ಇಷ್ಟೇ.

ಜೀವ ಇದ್ದದ್ದು ಹೋಗುವುದಿಲ್ಲ, ಅದೊಂದು ಪುಣ್ಯ. ಇಲ್ಲದಿದ್ದರೆ ಕೂಸು ಎತ್ತಿಕೊಂಡ ತಾಯಂದಿರ ಗತಿ ಏನು? ಆದರೆ ವಾಹನ ನಮ್ಮೂರಿಗೆ ಒಗ್ಗಲಿಲ್ಲ. ಹಿಂದೊಮ್ಮೆ ಬಸ್ಸು ಬಿಟ್ಟಿದ್ದರು. ಎರಡನೇ ದಿನವೇ ಸ್ಟೀರಿಂಗು ಡ್ರೈವರನ ಅತ್ತೆಯ ಮನೆ ಸೇರಿತು. ಬಸ್ಸು ಹುಣಸೆಮರಕ್ಕೆ ಒರಗಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಬಸ್ಸು ಊರ ಹೊರಗಿನ ಗಡಿಕಲ್ಲಿನ ತನಕ ಮಾತ್ರ. ಆಸ್ಪತ್ರೆ ಇರುವುದು ಗುಡ್ಡದ ನೆತ್ತಿಯ ಮೇಲೆ, ನಾನೂರ ಹನ್ನೆರಡು ಮೆಟ್ಟಿಲು. ರೋಗಿಯನ್ನು ಡೋಲಿಯಲ್ಲಿ ಮಲಗಿಸಿ ನಾಲ್ಕು ಜನ ಹೊರಬೇಕು. ನಾಲ್ವರಲ್ಲಿ ಒಬ್ಬನ ಮನಸ್ಸು ಸರಿದರೂ ಡೋಲಿ ಹೋಯಿತು. ರೋಗಿ ಮಾತ್ರ ಹೋಗುವುದಿಲ್ಲ, ಕಲ್ಲಿನ ಮೆಟ್ಟಿಲ ಮೇಲೆ ಬೀಳುತ್ತಾನೆ.

ನನ್ನ ಗುಟ್ಟು ಚಪ್ಪಲಿಯಲ್ಲಿತ್ತು. ಎಡಗಾಲಿನ ಚಪ್ಪಲಿಯೊಳಗೆ ಒಂದು ಹರಳುಕಲ್ಲು ಇಟ್ಟುಕೊಂಡೇ ಹೊರುತ್ತಿದ್ದೆ. ಪ್ರತಿ ಹೆಜ್ಜೆಗೂ ಅದು ಚುಚ್ಚುತ್ತಿತ್ತು, ಮನಸ್ಸು ಕಾಲು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಈಗಲೂ ಆ ಕಲ್ಲು ಅಲ್ಲೇ ಇರುತ್ತದೆ, ರೂಢಿ. ನಾನು ಕುಂಟುವುದು ವಯಸ್ಸಿನಿಂದ ಎಂದು ಊರು ತಿಳಿದಿದೆ. ತಿಳಿಯಲಿ ಬಿಡಿ.

ನನ್ನ ಕೊನೆಯ ಜೊತೆಗಾರ ಹೋದ ಮೇಲೆ ಡೋಲಿಗೆ ಕೈ ಇಲ್ಲದಾಯಿತು. ಹೊರಗಿನಿಂದ ಕೂಲಿಯವರನ್ನು ತಂದರೆ ಅವರ ಮನಸ್ಸೆಲ್ಲ ಅವರ ಊರಲ್ಲಿ. ಮೂರು ತಿಂಗಳಲ್ಲಿ ಐದು ಡೋಲಿ ಕಳೆದವು. ಆಗ ಊರ ಸಮಿತಿಯ ಅಧ್ಯಕ್ಷೆ ಕೊಟ್ರಮ್ಮ ನನ್ನ ಮನೆಗೆ ಬಂದಳು. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿಗಾಗಿ ಆಕೆ ಯುವ ಮುಂದಾಳುಗಳ ತರಬೇತಿ ಎಂದು ನಡೆಸುತ್ತಿದ್ದಳು.

"ರುದ್ರಪ್ಪಾರ, ಹುಡುಗರು ಭಾಷಣ ಕಲ್ತಾರ, ಸಭೆ ನಡಸಾಕ ಕಲ್ತಾರ. ಡೋಲಿ ಹಿಡಿಯಾಕ ಮಾತ್ರ ಒಬ್ಬರಿಗೂ ಬರಂಗಿಲ್ಲ. ಊರು ನಡಸೋರು ಮೊದಲ ತಮ್ಮ ಮನಸ್ಸು ಹಿಡಕೊಳ್ಳಬೇಕಲ್ಲ? ಅದನ್ನ ನೀವು ಕಲಸ್ರಿ," ಎಂದಳು.

ಮೂರು ಸಲ ಬೇಡ ಎಂದು ನಾಲ್ಕನೇ ಸಲ ಒಪ್ಪಿದೆ. ಮೊದಲ ಸಲವೇ ಒಪ್ಪಿದರೆ ಬೆಲೆ ಎಲ್ಲಿರುತ್ತದೆ?

ಮೊದಲ ದಿನ ಎಲ್ಲರಿಗೂ ಒಂದೊಂದು ಹರಳುಕಲ್ಲು ಕೊಟ್ಟೆ. ಡೋಲಿಯಲ್ಲಿ ಮರಳಿನ ಚೀಲ ಮಲಗಿಸಿ ನಾಲ್ವರಿಗೆ ಹೊರಿಸಿದೆ. ಎಂಟನೇ ಮೆಟ್ಟಿಲಲ್ಲಿ ಡೋಲಿ ಮಾಯ, ಚೀಲ ಬಿದ್ದು ಒಡೆಯಿತು. ಡೋಲಿ ಸಿಕ್ಕಿದ್ದು ಹೊಳೆಯ ದಂಡೆಯಲ್ಲಿ. ಮತ್ತೆ ನಾಲ್ವರು, ಮತ್ತೆ ಹೊಳೆ. ಮೂರನೇ ಸಲವೂ ಹೊಳೆ.

"ಕಲ್ಲು ಚುಚ್ಚಿದ ಕೂಡಲೇ ಹೊಳಿ ನೆನಪಾಗ್ತೈತ್ರಿ ಮಾಸ್ತರ," ಎಂದ ಮೌಲಾಲಿ. ಬೇಕರಿಯವರ ಹುಡುಗ, ಸುಳ್ಳು ಹೇಳಲು ಬಾರದವನು. "ಕಲ್ಲು ಅಲ್ಲೀದೇ ಅಲ್ರಿ?"

ಕಲ್ಲನ್ನು ಆ ಹೊಳೆಯಿಂದಲೇ ಆರಿಸಿ ತಂದಿದ್ದೆ. ಆ ಮಕ್ಕಳೆಲ್ಲ ಈಜು ಕಲಿತಿದ್ದೂ ಅಲ್ಲಿಯೇ. ಮೂವತ್ತೊಂದು ವರ್ಷದ ವಿದ್ಯೆ ಒಂದೇ ಮಧ್ಯಾಹ್ನದಲ್ಲಿ ಹೊಳೆ ಪಾಲಾಯಿತು. ಮುಖ ಇಷ್ಟು ಮಾಡಿಕೊಂಡು ಮನೆಗೆ ಬಂದೆ.

ಸಂಗವ್ವ ಅಕ್ಕಿ ಹಸನು ಮಾಡುತ್ತಿದ್ದಳು. ನಲವತ್ತು ವರ್ಷದಲ್ಲಿ ಅವಳ ಕೈಯಿಂದ ಮೊರ ಹೋದದ್ದನ್ನು ನಾನು ನೋಡಿಲ್ಲ. ಅವಳಿಗೆ ಮನಸ್ಸು ಅಲೆಯುವುದೇ ಇಲ್ಲ ಎಂದುಕೊಂಡಿದ್ದೆ. ಅಂದು ಮೊದಲ ಸಲ ಕೇಳಿದೆ, ಅದು ಹೇಗೆ ಎಂದು.

"ಹೋಗ್ತೈತಿ, ಹೋಗದೇನು," ಎಂದಳು ಮೊರದಿಂದ ಕಣ್ಣು ತೆಗೆಯದೆ. "ಹೋಗೂ ಮುಂದ ಮೊರ ಹಗುರ ಆಗ್ತೈತಿ. ಹಗುರ ಆತು ಅಂದ್ರ ಹೋಗಿ ಕರಕೊಂಡ ಬರ್ತೀನಿ. ಆಕಳು ಮಂದಿ ಹೊಲಕ್ಕ ಹೊಂಟ್ರ ಬಡೀತೀರೇನು? ಹಗ್ಗ ಹಿಡದು ತಿರುಗಿಸಿ ತರೂದು. ಮತ್ತ ಹೊಂಟ್ರ ಮತ್ತ ತರೂದು. ಅಷ್ಟೇ."

ಇದನ್ನು ನಾನು ಮರುದಿನ ನನ್ನದೇ ಮಾತು ಎಂಬಂತೆ ಪಾಠ ಮಾಡಿದೆ. ತಪ್ಪು ಒಪ್ಪಿಕೊಳ್ಳುತ್ತೇನೆ.

ಡೋಲಿ ಬಿಟ್ಟು ಕೈಗೆ ಒಂದೊಂದು ಲೋಟ ಮಜ್ಜಿಗೆ ಕೊಟ್ಟೆ. ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತು, ಉಸಿರು ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನು ನೋಡುತ್ತಿರಬೇಕು. ಲೋಟ ಹಗುರಾಯಿತೆನಿಸಿದರೆ ಮನಸ್ಸನ್ನು ಮೆಲ್ಲಗೆ ಉಸಿರಿಗೆ ತರಬೇಕು. ಕಾಲು ಗಂಟೆ ಕಳೆದ ಮೇಲೆ ಲೋಟ ಉಳಿದವರು ಮಜ್ಜಿಗೆ ಕುಡಿಯಬಹುದು. ಮೊದಲ ವಾರ ಯಾರೂ ಕುಡಿಯಲಿಲ್ಲ. ಆ ಸೋಮವಾರ ಚಾವಡಿಯಲ್ಲಿ ಬರೀ ಲೋಟಗಳು. ಯಮನೂರನ ಲೋಟ ಬಂದದ್ದು ಬಳೆ ಅಂಗಡಿಯವರ ಬುಟ್ಟಿಯಿಂದ, ಅವರಿಗೆ ಒಬ್ಬ ಮಗಳಿದ್ದಾಳೆ. ನಾವೆಲ್ಲ ಆಕಾಶ ನೋಡಿದೆವು.

ಎಲ್ಲರಿಗಿಂತ ದಡ್ಡಿ ಎಂದರೆ ಶಿವಲೀಲಾ. ಕುಂಬಾರರ ಹುಡುಗಿ, ಹತ್ತೊಂಬತ್ತು ವರ್ಷ, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊರಿನ ಯಾವ ಬುಟ್ಟಿ ನೋಡಿದರೂ ಅವಳ ಲೋಟ. ಒಮ್ಮೆಯಂತೂ ಆಸ್ಪತ್ರೆಯ ಗಡಿಯಾರದ ಹಿಂದೆ ಸಿಕ್ಕಿತು. ಇವಳನ್ನು ಬಿಡುವುದೇ ಒಳ್ಳೆಯದೆಂದು ಕೊಟ್ರಮ್ಮನಿಗೆ ಹೇಳಿಯೂ ಇದ್ದೆ. ಮೂರನೇ ವಾರ ಒಂದು ದಿನ, ಎಲ್ಲರೂ ಸುಮ್ಮನೆ ಕೂತಿದ್ದಾಗ, ಅವಳು ಇದ್ದಕ್ಕಿದ್ದಂತೆ ಗಟ್ಟಿಯಾಗಿ, "ಬೇಕರಿಗೆ ಹೊಂಟಿತ್ತು. ಬಂತು," ಎಂದಳು.

ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೆ, "ನಾಳಿ ಕಾಲೇಜಿನ ಪರೀಕ್ಷೆಗೆ ಹೊಂಟಿತ್ತು. ಬಂತು," ಎಂದಳು. ಕಾಲು ಗಂಟೆ ಮುಗಿಯಿತು. ಅವಳ ಲೋಟ ಅವಳ ಕೈಯಲ್ಲಿತ್ತು.

ನನಗೆ ಸಿಟ್ಟು ಬಂತು. "ಮನಸಿನಾಗಿಂದು ಬಾಯಿಗೆ ತರತಾರೇನು? ಊರ ಪದ್ಧತಿ ಗೊತ್ತಿಲ್ಲೇನು ನಿನಗ?"

"ಕೇಳಬಾರದು ಅಂತ ಪದ್ಧತಿ ಐತ್ರಿ ಮಾಸ್ತರ. ಹೇಳಬಾರದು ಅಂತ ಎಲ್ಲೈತ್ರಿ?"

ಉತ್ತರ ಹೊಳೆಯದ ಮಾಸ್ತರು ಮಾಡುವುದನ್ನೇ ನಾನೂ ಮಾಡಿದೆ, ಅವಳನ್ನು ಕೊನೆಯ ಸಾಲಿಗೆ ಕಳಿಸಿದೆ. ಆಮೇಲೆ ತಿಳಿಯಿತು, ನಾನು ಮನೆಗೆ ಹೋದ ಮೇಲೆ ಅವಳು, ಮೌಲಾಲಿ, ಯಮನೂರ, ದಾಕ್ಷಿ ನಾಲ್ವರೂ ಡೋಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರಂತೆ, ಗಟ್ಟಿಯಾಗಿ ಹೇಳುತ್ತ. ದಾಕ್ಷಿ ಅಂಗನವಾಡಿ ಟೀಚರಮ್ಮನ ಮಗಳು, ಮೆತ್ತಗಿನ ಹುಡುಗಿ. ಅವಳೂ ಇದರಲ್ಲಿ ಸೇರಿದಳಲ್ಲ ಎಂದು ನನಗೆ ಇನ್ನೂ ಸಿಟ್ಟು. ಡೋಲಿ ಹೊರುವವರಿಗೆ ಸಮಿತಿಯ ಪರೀಕ್ಷೆ ಬರುವ ಭಾನುವಾರಕ್ಕೆ ನಿಗದಿಯಾಗಿತ್ತು. ಅದರಲ್ಲಿ ಇದನ್ನು ಮಾಡಿದರೆ ನನ್ನ ಮಾನ ಹೋಗುತ್ತದೆ ಎಂದು ಸಂಗವ್ವನ ಮುಂದೆ ಹಾರಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಅಜೀರ್ಣ ಇರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿ ಕುಸಿದಳು. ಕಂಪೌಂಡರು ಓಡಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಅಪೆಂಡಿಕ್ಸ್ ರುದ್ರಪ್ಪಾರ. ಈಗಿಂದೀಗ ಮ್ಯಾಲೆ ಒಯ್ಯಬೇಕು. ಒಳಗ ಒಡೀತು ಅಂದ್ರ ಕೈ ಮೀರತೈತಿ. ಬೀಳೂದು ಕುಲುಕೂದು ಏನೂ ಆಗಬಾರದು," ಎಂದರು. ಡಾಕ್ಟರು ಇರುವುದು ಮೇಲೆ, ಆಪರೇಷನ್ ಆಗುವುದೂ ಮೇಲೆ.

ನಾನು ಹೊರುವಂತಿಲ್ಲ. ತನ್ನವರನ್ನು ತಾನು ಹೊರಬಾರದು ಎಂಬುದು ಡೋಲಿಯವರ ಮೊದಲ ಪಾಠ. ನನಗೆ ಕಲಿಸಿದ ಗುರುವಿನ ಕಾಲದಲ್ಲಿ ಒಬ್ಬಾತ ತನ್ನ ಮಗನನ್ನು ಹೊತ್ತಿದ್ದ. ಮಗನನ್ನು ಬೇಗ ಮುಟ್ಟಿಸಬೇಕೆಂಬ ಆತುರದಲ್ಲಿ ಅವನ ಮನಸ್ಸು ಮುಂದೋಡಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ಡೋಲಿಯೂ ಹೋಗಿ ಅಲ್ಲೇ ನಿಂತಿತು, ಖಾಲಿ.

ಸುದ್ದಿ ಕೇಳಿ ಆ ನಾಲ್ವರು ಡೋಲಿ ತೆಗೆದುಕೊಂಡೇ ಬಂದರು. ಹಿಂದೆಯೇ ಕೊಟ್ರಮ್ಮ. "ಪರೀಕ್ಷೆ ಆಗಿಲ್ಲ, ಹೆಂಗ ಕಳಸೂದು?" ಎಂದು ಆಕೆ ಕೈ ಹಿಸುಕಿಕೊಂಡಳು. ಶಿವಲೀಲಾ ಆಕೆಯ ಕಡೆ ನೋಡಲೇ ಇಲ್ಲ.

"ಮಾಸ್ತರ, ನೀವು ಹೂಂ ಅಂದ್ರ ಹೊರತೀವಿ," ಎಂದಳು. "ಆದ್ರ ನಮ್ಮ ರೀತೀಲೇ ಹೊರತೀವಿ."

ಸಂಗವ್ವ ಗೋಡೆಗೆ ಒರಗಿ ಬೆವರುತ್ತಿದ್ದಳು. ನಾನು ಹೂಂ ಅಂದೆ.

ಶಿವಲೀಲಾ ಮುಂದಿನ ಬಲಗಡೆ, ಮೌಲಾಲಿ ಎಡಗಡೆ. ಹಿಂದೆ ದಾಕ್ಷಿ, ಯಮನೂರ. ನಾನು ಪಕ್ಕದಲ್ಲಿ ಬರಿಗೈಯಲ್ಲಿ. ಅವರ ಹೆಜ್ಜೆ ನೋಡಿದೆ. ಅವಸರ ಇಲ್ಲ, ಅಳುಕಿಲ್ಲ. ನಾವು ನಾಲ್ವರು ಗಂಡಸರು ಹೊರುವಾಗ ಹಲ್ಲು ಕಚ್ಚಿಕೊಂಡು, ಯಾರೂ ಯಾರ ಮುಖವನ್ನೂ ನೋಡದೆ ಹತ್ತುತ್ತಿದ್ದೆವು. ಇವರು ಉಸಿರಾಡುವುದು ಕೇಳಿಸುತ್ತಿತ್ತು. ಹತ್ತು ಹದಿನೈದು ಮೆಟ್ಟಿಲಿಗೊಮ್ಮೆ ಶಿವಲೀಲಾ ಕೇಳುತ್ತಿದ್ದಳು, "ಎಲ್ಲೈತಿ?"

"ಇಲ್ಲೇ," ಎನ್ನುವನು ಮೌಲಾಲಿ.

"ಅವ್ವಗ ಹೇಳದ ಬಂದೀನಿ, ಅಲ್ಲಿಗೆ ಹೊಂಟಿತ್ತು. ಬಂತು," ಎನ್ನುವಳು ದಾಕ್ಷಿ.

"ಬಳೆ ಅಂಗಡಿಗೆ," ಎಂದ ಯಮನೂರ, ಮುಖ ಕೆಂಪು ಮಾಡಿಕೊಂಡು. "ಬಂತು." ಡೋಲಿಯಲ್ಲಿ ಮಲಗಿದ ಸಂಗವ್ವ ಆ ನೋವಿನಲ್ಲೂ ತುಟಿ ಸಡಿಲಿಸಿದಳು.

ನೂರ ಎಂಬತ್ತು ಮೆಟ್ಟಿಲು ಹಾಗೆ ಹೋದೆವು. ಅಲ್ಲೊಂದು ದಣಿವಾರಿಸಿಕೊಳ್ಳುವ ಕಟ್ಟೆ ಇದೆ. ಕಟ್ಟೆಗೆ ಡೋಲಿ ಇಳಿಸುವಷ್ಟರಲ್ಲಿ ಯಮನೂರನ ಕಾಲು ಪಾಚಿಯ ಮೇಲೆ ಜಾರಿ ಮಡಚಿತು. ಡೋಲಿಯನ್ನು ಬಿಡಲಿಲ್ಲ ಹುಡುಗ, ಇಳಿಸಿ ಆಮೇಲೆ ಬಿದ್ದ. ಪಾದ ನೋಡನೋಡುತ್ತ ಊದಿಕೊಂಡಿತು. ತರಬೇತಿಯ ಉಳಿದವರೆಲ್ಲ ಸಸಿ ನೆಡಲು ಆಚೆ ದಿಬ್ಬಕ್ಕೆ ಹೋಗಿದ್ದರು. ಅವರನ್ನು ಕರೆತರಲು ಒಂದು ತಾಸು ಬೇಕು. ಸಂಗವ್ವ ಆಗ ನರಳುವುದನ್ನೂ ನಿಲ್ಲಿಸಿದ್ದಳು.

"ಮಾಸ್ತರ, ನೀವು ಹಿಡೀರಿ," ಎಂದಳು ಶಿವಲೀಲಾ.

"ತನ್ನವರನ್ನ ತಾನು ಹೊರಬಾರದು. ನಾನು ಹಿಡದ್ರ ಡೋಲಿ ಮ್ಯಾಲೆ ಹೋಗಿ ನಿಂತಿರತೈತಿ, ಈಕಿ ಇಲ್ಲಿ ಬಿದ್ದಿರತಾಳ. ತಿಳೀತೈತೋ ಇಲ್ಲೋ ನಿನಗ?" ಕಿರುಚಿಬಿಟ್ಟೆ. ಹೆದರಿಕೆ ಆಗಿತ್ತು. ಅರವತ್ತೆರಡು ವರ್ಷದಲ್ಲಿ ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಅವಳು ನನ್ನ ಮೇಲೆ ಕೂಗಲಿಲ್ಲ. ನನ್ನ ಕಾಲಿನ ಹತ್ತಿರ ಕೂತು, "ಕಲ್ಲು ತಗೀರಿ," ಎಂದಳು.

"ಅದಿಲ್ಲದ ನನಗ ಆಗಂಗಿಲ್ಲ."

"ಅದು ಇದ್ರ ನಿಮಗ ಕಲ್ಲಷ್ಟೇ ಗೊತ್ತಾಗ್ತೈತಿ. ಡೋಲಿ ಹಗುರ ಆಗೂದು ಗೊತ್ತಾಗಂಗಿಲ್ಲ. ತಗೀರಿ ಮಾಸ್ತರ. ನಾನು ಕೇಳ್ತೀನಿ, ನೀವು ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ, ಅಷ್ಟೇ."

ಚಪ್ಪಲಿ ಕಳಚಿದೆ. ಬರಿಗಾಲಲ್ಲಿ ನಿಂತು ಹಿಂದಿನ ಎಡಗಡೆಯ ಬೊಂಬು ಹಿಡಿದೆ. ನನ್ನ ಮುಂದೆಯೇ ಸಂಗವ್ವನ ಮುಖ, ಕಣ್ಣು ಮುಚ್ಚಿತ್ತು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಬೊಂಬು ಹತ್ತಿಯಂತಾಯಿತು. ಆ ಹಗುರವನ್ನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಕಂಡೆ.

"ಎಲ್ಲೈತ್ರಿ ಮಾಸ್ತರ?" ಶಿವಲೀಲಾ ತಿರುಗಿ ನೋಡದೆ ಕೇಳಿದಳು.

ಬೊಂಬು ಇನ್ನೂ ಹಗುರಾಯಿತು.

"ಹೇಳ್ರಿ!"

"ಆಸ್ಪತ್ರೆ ಬಾಗಲದಾಗ," ಎಂದೆ. "ಡಾಕ್ಟರು ತಲಿ ಅಲ್ಲಾಡಸಾಕತ್ತಾರ."

"ಕರಕೊಂಡ ಬರ್ರಿ. ಕಾಲಿಗೆ ತರ್ರಿ. ಮೆಟ್ಟಲು ತಣ್ಣಗೈತೋ ಬೆಚ್ಚಗೈತೋ?"

"ತಣ್ಣಗೈತಿ."

"ಉಸಿರು?"

"ಐತಿ. ಬರಾಕತ್ತೈತಿ."

ಬೊಂಬು ಮತ್ತೆ ಭಾರವಾಯಿತು. ಭಾರ ಅಷ್ಟು ಸುಖ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಮೌಲಾಲಿ ಮುಂದಿನಿಂದ, "ಶಾಬಾಸ್ ಮಾಸ್ತರ," ಎಂದ. ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದೆ.

ಮುನ್ನೂರನೇ ಮೆಟ್ಟಿಲ ಹತ್ತಿರ ಮತ್ತೆ ಹಗುರಾಯಿತು, ಈ ಸಲ ಒಮ್ಮೆಲೇ. ದಾಕ್ಷಿ ಅಯ್ಯೋ ಎಂದಳು. ಶಿವಲೀಲಾ ನಿಂತಳು, ಎಲ್ಲರೂ ನಿಂತೆವು. "ಎಲ್ಲೈತಿ?" ಎಂದಳು, ಬಹಳ ಮೆಲ್ಲಗೆ.

"ನಮ್ಮ ಅಡಿಗಿಮನ್ಯಾಗ," ಎಂದೆ. "ಒಲಿ ಆರೈತಿ. ಮೊರ ಗ್ವಾಡಿಗೆ ನಿಂತೈತಿ. ಆಕಿ ಇಲ್ಲ. ಯಾರನ್ನ ಬೈಯೂದು, ಯಾರ ಮುಂದ ಹಾರಾಡೂದು, ನನಗ ಗೊತ್ತಾಗವಲ್ದು." ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಆಕಿ ಎಲ್ಲೈದಾಳ ನೋಡ್ರಿ ಮಾಸ್ತರ. ನಿಮ್ಮ ಮುಂದ ಐದಾಳ. ಆಕಿ ಉಸಿರು ನೋಡ್ರಿ. ನಿಮ್ಮದು ಬ್ಯಾಡ, ಆಕಿದು ನೋಡ್ರಿ."

ನೋಡಿದೆ. ಸೆರಗು ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆಗೇ ಹೆಜ್ಜೆ ಹಾಕಿದೆ. ಆಮೇಲೆ ಇನ್ನೂ ಏಳೆಂಟು ಸಲ ಮನಸ್ಸು ಹೊರಟಿತು, ಏಳೆಂಟು ಸಲವೂ ಗಟ್ಟಿಯಾಗಿ ಹೇಳಿ ಕರೆತಂದೆ. ನಾನೂರ ಹನ್ನೆರಡನೇ ಮೆಟ್ಟಿಲಲ್ಲಿ ವಾರ್ಡಿನವರು ಡೋಲಿಗೆ ಕೈ ಹಚ್ಚಿದಾಗ ಅದು ಭಾರವಾಗಿತ್ತು, ಒಳಗೆ ನನ್ನ ಹೆಂಡತಿ ಇದ್ದಳು.

ಆಪರೇಷನ್ ಎರಡು ತಾಸು. ಇನ್ನೊಂದು ಅರ್ಧ ತಾಸು ತಡವಾಗಿದ್ದರೆ ಕಷ್ಟ ಇತ್ತು ಎಂದು ಡಾಕ್ಟರು ಹೊರಬಂದು ಹೇಳಿದರು. ಅಷ್ಟರಲ್ಲಿ ಕೊಟ್ರಮ್ಮ ಏದುಸಿರು ಬಿಡುತ್ತ ಮೇಲೆ ಬಂದಳು. ಯಮನೂರನೂ ಕೆಳಗಿನಿಂದ ಬಂದ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತ ಬಂದ.

"ಏನ ಅನ್ರಿ ರುದ್ರಪ್ಪಾರ, ಹಳೇ ಕೈ ಹಳೇ ಕೈನೇ," ಎಂದಳು ಕೊಟ್ರಮ್ಮ ಎಲ್ಲರಿಗೂ ಕೇಳುವಂತೆ. "ಕಡೀಕೆ ಡೋಲಿ ನೀವೇ ಮುಟ್ಟಿಸಿದ್ರಿ. ಮೂವತ್ತೆರಡನೇ ವರ್ಷ ಅನ್ರಿ."

ಹೊಗಳಿಕೆ ನನಗೆ ಕಹಿ ಅಲ್ಲ, ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಆದರೆ ಅಂದು ಅದು ಗಂಟಲಲ್ಲಿ ಇಳಿಯಲಿಲ್ಲ.

"ನಾನಲ್ಲ ಕೊಟ್ರಮ್ಮಾ," ಎಂದೆ. "ನಾನು ನಾಲ್ಕನೇ ಕೈ ಅಷ್ಟೇ. ಹತ್ತು ಸಲ ಡೋಲಿ ಕಳೀತಿದ್ದೆ ಇವತ್ತ. ಹತ್ತೂ ಸಲ ಈ ಹುಡುಗಿ ನನ್ನನ್ನ ವಾಪಸ್ ಕರಕೊಂಡ ಬಂದಾಳ. ಭಾನುವಾರದ ಪರೀಕ್ಷೆ ಬ್ಯಾಡ, ಆಗಿ ಹೋತು. ನನಗೂ ಸೇರಿ ಆತು."

ಶಿವಲೀಲಾ ನೆಲ ನೋಡುತ್ತ ನಿಂತಿದ್ದಳು. ಅಷ್ಟು ಹೊತ್ತೂ ಕಲ್ಲಿನಂತೆ ನಿಂತಿದ್ದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ದಾಕ್ಷಿ ಅವಳನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದಳು, ಹುಡುಗರೂ ಹಿಂದೆ ಹೋದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸಂಗವ್ವ ಕಣ್ಣು ಬಿಟ್ಟಳು. ತುಟಿ ಒಣಗಿತ್ತು, ಒದ್ದೆ ಬಟ್ಟೆಯಿಂದ ಒರೆಸಿದೆ.

"ಡೋಲ್ಯಾಗ ಎಲ್ಲಾ ಕೇಳಸ್ತಿತ್ತು ನನಗ," ಎಂದಳು. "ನಲವತ್ತು ವರ್ಷ ಸಂಸಾರ ಮಾಡೀನಿ. ನಿಮ್ಮ ಮನಸ್ಸು ಎಲ್ಲಿರತೈತಿ ಅಂತ ಪದ್ಧತಿ ಪ್ರಕಾರ ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ಅಡಿಗಿಮನ್ಯಾಗ ಇರತೈತಿ ಅಂತ ಇವತ್ತ ಗೊತ್ತಾತು."

ಒದ್ದೆ ಬಟ್ಟೆ ಮಡಚಿ ಪಕ್ಕಕ್ಕಿಟ್ಟೆ.

"ಈಗ ಎಲ್ಲೈತಿ?" ಎಂದಳು.

ಇಲ್ಲೇ ಐತಿ ಎಂದು ಹೇಳಬಹುದಿತ್ತು. ಅವಳಿಗೆ ಅದೇ ಖುಷಿಯಾಗುತ್ತಿತ್ತೇನೋ. ಆದರೆ ಸುಳ್ಳು ಹೇಳಬೇಡಿ ಎಂದಿದ್ದಳಲ್ಲ ಆ ಹುಡುಗಿ.

"ಹೊರಗ ಕಟ್ಟಿ ಮ್ಯಾಲೆ," ಎಂದೆ. "ಆ ನಾಲ್ಕೂ ಮಕ್ಕಳ ಹತ್ರ. ಎಷ್ಟು ಹೆಮ್ಮಿ ಆಗೈತಿ ಅಂದ್ರ, ನಾನು ಡೋಲಿ ಹೊತ್ತ ಅಷ್ಟೂ ವರ್ಷ ಒಟ್ಟು ಮಾಡಿದ್ರೂ ಇಷ್ಟು ಆಗಿರಲಿಲ್ಲ."

ಸಂಗವ್ವ ಮುಖ ಆ ಕಡೆ ತಿರುಗಿಸಿ ಕಣ್ಣು ಮುಚ್ಚಿದಳು. "ಅದನ್ನ ನನಗ್ಯಾಕ ಹೇಳ್ತೀರಿ?" ಎಂದಳು. "ಅವರಿಗೆ ಹೋಗಿ ಹೇಳ್ರಿ."

ಎದ್ದು ಹೋಗಿ ಹೇಳಿದೆ.